ಅಂಗಡಿ ಕಾಕಾ ಕೊಡದ ಗುಳಿಗೆ

ಡಾಕ್ಟರ ಚೀಟಿ ಓದುವಾಗ ಕಾಕಾ ಕನ್ನಡಕವನ್ನು ಹಣೆಗೇರಿಸಿ, ಎಡಗಣ್ಣು ಮುಚ್ಚಿ, ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಿದ್ದರು. ರೋಣದ ಬಸ್ ನಿಲ್ದಾಣದ ಹತ್ತಿರ ಅವರ ಔಷಧ ಅಂಗಡಿ. ಗುಳಿಗೆ ಕೊಟ್ಟ ಮೇಲೂ ಗಿರಾಕಿಯನ್ನು ಬಿಡುತ್ತಿರಲಿಲ್ಲ. ಊಟಕ್ಕೆ ಮೊದಲೋ ಆಮೇಲೋ ಎಂಬುದನ್ನು ಅವರ ಬಾಯಿಂದಲೇ ಹೇಳಿಸುತ್ತಿದ್ದರು. ಗದಗಿನ ಬಸ್ಸು ಹೊರಟು ನಿಂತಿದ್ದರೂ ಅಷ್ಟೇ. ಅವಸರದವರು ಬೇರೆ ಅಂಗಡಿಗೆ ಹೋಗುತ್ತಿದ್ದರು. ನಾನೂ ಒಮ್ಮೆ ಹಾಗೆ ಹೋದವಳೇ.

ಅಪ್ಪನಿಗೆ ಸ್ವಲ್ಪ ದೂರ ನಡೆದರೆ ಸಾಕು, ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿಲ್ಲವೆಂದು ಡಾಕ್ಟರು ಹೇಳಿ ಬಹಳ ದಿನವಾಗಿತ್ತು. ರಾಜೂರಿನ ಸೋದರಮಾವನಿಗೂ ಅದೇ ಬೇನೆ. ರಕ್ತನಾಳ ಹಿಗ್ಗಿಸುವ ಗುಳಿಗೆ ನುಂಗಿ ಅವರೀಗ ಹೊಲದ ತನಕ ನಡೆಯುತ್ತಾರೆಂದು ಕೇಳಿ, ಅದರ ಖಾಲಿ ಪಾಕೀಟು ತಂದು ಕಾಕಾನ ಮುಂದಿಟ್ಟೆ. ಚೀಟಿ ಕೇಳಿದರು. ಇಲ್ಲವೆಂದೆ. ಮಲಗಿದರೆ ಅಪ್ಪನಿಗೆ ಉಸಿರು ಕಟ್ಟುತ್ತದೆಯೇ ಎಂದರು. ಹೌದು, ಎರಡು ತಿಂಗಳಿಂದ ತಲೆಯ ಕೆಳಗೆ ಮೂರು ದಿಂಬು ಬೇಕಾಗಿವೆ ಎಂದೆ. ಪಾಕೀಟನ್ನು ನನ್ನ ಕಡೆಗೇ ಸರಿಸಿದರು.

“ನೋಡವಾ, ಕಾಲಿಗೆ ಇದು ಚಲೋ ಗುಳಿಗಿ. ಆದ್ರ ಎದಿ ಸೋತವ್ರಿಗೆ ಅಲ್ಲ. ಮೊದಲ ಎದಿ ತೋರಸು.”

ಕಾಲಿನ ಮಾತಿಗೆ ಎದೆಯ ಮಾತೇಕೆ ಎಂದು ಸಿಟ್ಟು ಬಂತು. ಎದುರಿನ ಅಂಗಡಿಯಲ್ಲಿ ಏನೂ ಕೇಳದೆ ಕೊಟ್ಟರು.

ಮಧ್ಯಾಹ್ನ ಅಪ್ಪ ಊಟ ಮುಗಿಸಿ ಗುಳಿಗೆಗೆ ಕೈ ಹಾಕುವಷ್ಟರಲ್ಲಿ ಕಾಕಾ ಬಾಗಿಲಲ್ಲಿ ನಿಂತಿದ್ದರು. ನಾನು ಎದುರಿನ ಅಂಗಡಿ ಹೊಕ್ಕಿದ್ದನ್ನು ನೋಡಿ, ತಮ್ಮ ಅಂಗಡಿ ಮುಚ್ಚಿ, ಬಿಸಿಲಲ್ಲಿ ಸೈಕಲ್ ತುಳಿದು ಬಂದಿದ್ದರು. ಕೆಳಗೆ ಕೂತು ಅಪ್ಪನ ಬಾತ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು. ಅಪ್ಪ ಮುಜುಗರದಿಂದ ಕಾಲು ಎಳೆದುಕೊಂಡು, ಅಂಗಡಿಯವರಿಗೆ ಇದೆಲ್ಲ ಯಾಕೆ ಎಂದು ಗೊಣಗಿದರು.

“ನಾ ಡಾಕ್ಟರ್ ಅಲ್ರಿ, ಖರೇ. ಆದ್ರ ಎದಿ ಸೋತ್ರ ಕಾಲಾಗ ಹಿಂಗ ನೀರು ತುಂಬತೈತಿ. ನಾಳಿ ಎದಿ ತೋರಸ್ರಿ, ನನ್ನ ಮಾತು ತಪ್ಪಾದ್ರ ಈ ಗುಳಿಗಿ ನಾನ ಕೊಡ್ತೀನಿ. ಇವತ್ತೊಂದಿನ ತಗೋಬ್ಯಾಡ್ರಿ.”

ಅಪ್ಪ ಗುಳಿಗೆಯನ್ನು ಪಕ್ಕಕ್ಕಿಟ್ಟರು. ಮರುದಿನ ಗದಗಿನಲ್ಲಿ ಪರೀಕ್ಷೆಯಾಯಿತು. ಅಪ್ಪನ ಹೃದಯ ಬಹಳ ಸೋತಿತ್ತು. ಪಾಕೀಟು ನೋಡಿದ ಡಾಕ್ಟರು, ಇದನ್ನು ನುಂಗಿಲ್ಲ ತಾನೆ ಎಂದು ಎರಡು ಸಲ ಕೇಳಿದರು. ಬೇರೆ ಔಷಧ ಸುರುವಾಯಿತು. ಎದೆ ಸುಧಾರಿಸಿದ ಮೇಲೆ ಕಾಲಿಗೆ ನಡಿಗೆ ಹೇಳಿದರು: ನೋವು ಬಂದರೆ ನಿಂತು, ಇಳಿದ ಮೇಲೆ ಮತ್ತೆ ನಡೆಯುವುದು. ನಾನು ತಪ್ಪೊಪ್ಪಿಕೊಳ್ಳಲು ಕಾಕಾನ ಹತ್ತಿರ ಹೋದೆ. ಅವರು ಹೊಸ ಚೀಟಿ ಓದಿ, ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳಿದರು, ಅಷ್ಟೇ.

ಹೋದ ವರ್ಷ ಕಾಕಾ ತೀರಿಕೊಂಡರು. ಮಣ್ಣಿಗೆ ಹೋಗಲು ರಿಕ್ಷಾ ತರಿಸುತ್ತೇನೆಂದೆ. ಅಪ್ಪ ಬೇಡವೆಂದು ಚಪ್ಪಲಿ ಮೆಟ್ಟಿದರು. ದಾರಿಯಲ್ಲಿ ಎಂಟು ಕಡೆ ನಿಂತರು. ನಾವು ಮುಟ್ಟುವ ಹೊತ್ತಿಗೆ ಜನ ಮರಳುತ್ತಿದ್ದರು. ಅಪ್ಪ ಒಬ್ಬರೇ ಮುಂದೆ ಹೋಗಿ, ಒಂದು ಹಿಡಿ ಮಣ್ಣು ಹಾಕಿ, ಅಲ್ಲೇ ಕುಳಿತುಬಿಟ್ಟರು.