ಮುದ್ದೆ ಕೋಲಿನಲ್ಲಿ ಕೇಳಿದ ಗಿಟಾರು

ಕರೆಂಟಿಲ್ಲದ ಓಣಿಯವನಿಗೆ ಕರೆಂಟಿನ ವಾದ್ಯ ಕೊಟ್ಟವನು ಹುಚ್ಚನೋ, ಕಿವಿ ಕೇಳದಿದ್ದರೂ ಅದನ್ನು ಹೊತ್ತು ತಂದವನು ಹುಚ್ಚನೋ? ಅನಂತಪುರದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಇಂಥ ವಿಷಯ ಕೊಟ್ಟಿದ್ದರೆ ಯಾವ ಪಕ್ಷದಲ್ಲಿ ನಿಲ್ಲಿಸಿದರೂ ಗೆದ್ದು ಬರುತ್ತಿದ್ದೆ. ಆದರೆ ಹೊತ್ತು ತಂದವನು ನನ್ನ ಅಪ್ಪ, ತಂದಿಟ್ಟದ್ದು ರಾಯದುರ್ಗದ ನಮ್ಮ ಮನೆಯ ಪಡಸಾಲೆಯಲ್ಲಿ. ಅಲ್ಲಿ ನಾನು ಎಷ್ಟು ವಾದಿಸಿದರೂ ಅಪ್ಪನಿಗೆ ಕೇಳುತ್ತಿರಲಿಲ್ಲ.

ಅಪ್ಪ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಮೇಷ್ಟ್ರಾಗಿದ್ದ. ಟಾಕಿ ಬಂದು ಕಂಪನಿಗಳು ಮುಳುಗಿದವು, ಅದಕ್ಕೇ ಮನೆಗೆ ಬಂದೆ ಎಂದು ಊರವರಿಗೆ ಹೇಳುತ್ತಿದ್ದ. ಅರ್ಧ ಸುಳ್ಳು. ಕಂಪನಿ ಮುಳುಗುವ ಮೊದಲೇ ಅಪ್ಪನ ಕಿವಿ ಮುಳುಗಿತ್ತು. ರಾಜಪಾತ್ರದವನು ಒಂದು ಶ್ರುತಿಯಲ್ಲಿ ಹಾಡುತ್ತಿದ್ದರೆ ಅಪ್ಪನ ಪೆಟ್ಟಿಗೆ ಇನ್ನೊಂದರಲ್ಲಿ ನುಡಿಯುತ್ತಿತ್ತು. ಅದು ಶುರುವಾದದ್ದು ನಾನಿನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಗ. ನಾನು ಓದು ಮುಗಿಸಿ ಬರುವ ಹೊತ್ತಿಗೆ ಬಲಗಿವಿಗೆ ಬಾಯಿಟ್ಟು ಕೂಗಿದರೂ ಒಂದೆರಡು ಪದ ಒಳಗೆ ಹೋದರೆ ಹೆಚ್ಚು. ಮಿಕ್ಕದ್ದನ್ನು ಎದುರಿಗಿದ್ದವರ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ, ತಿಳಿಯದಿದ್ದರೆ ತಲೆಯಾಡಿಸುತ್ತಿದ್ದ.

ಹೀಗೆ ತಲೆಯಾಡಿಸಿಯೇ ಈ ವಾದ್ಯ ಮನೆಗೆ ಬಂದದ್ದು. ಮಡಕಶಿರಾ, ಅಮರಾಪುರ, ಗುಡಿಬಂಡೆ ಕಡೆ ಟೆಂಟ್ ಸಿನಿಮಾ ನಡೆಸುವ ಒಬ್ಬ ಮಾಲೀಕರಿಗೆ ಅಪ್ಪ ಕಂಪನಿ ಕಾಲದಿಂದ ಪರಿಚಯ. ಅವರ ಟೆಂಟಿನಲ್ಲಿ ಹವಾಯಿಯನ್ ಗಿಟಾರು ನುಡಿಸುತ್ತಿದ್ದ ಮದರಾಸಿನವನು ವಾದ್ಯ ಬಿಟ್ಟು ಓಡಿಹೋಗಿದ್ದ. ರಾಯದುರ್ಗಕ್ಕೆ ಬಂದಾಗ ಅಪ್ಪನನ್ನು ಕಂಡು, "ಮಳೆ ಕಳೆದ ಮೇಲೆ ಮಡಕಶಿರಾದಾಗೆ ಟೆಂಟ್ ಹಾಕ್ತೀನಿ ಮೇಷ್ಟ್ರೇ. ಅಷ್ಟ್ರೊಳಗೆ ಇದನ್ನ ಕಲ್ತ್ಕಳಿ. ಜನ ಬಂದು ಕೂತ್ಕಳೋ ತಂಕ ನುಡಿಸ್ಬೇಕು, ರೀಲ್ ಬದ್ಲಾಯ್ಸುವಾಗ ನುಡಿಸ್ಬೇಕು. ಆ ಜಾಗ ನಿಮ್ದೇ" ಅಂದರು. ಅಪ್ಪ ತುಟಿ ನೋಡಿದ, ತಲೆಯಾಡಿಸಿದ. ಕಿವಿಯ ವಿಷಯ ಅವರಿಗೆ ಗೊತ್ತಿರಲಿಲ್ಲ, ಅಪ್ಪ ಹೇಳಲೂ ಇಲ್ಲ. ಈ ಜಾಗ ತಪ್ಪಿದರೆ ಇನ್ನೆಲ್ಲೂ ತನ್ನನ್ನು ವಾದ್ಯದ ಮುಂದೆ ಕೂರಿಸುವವರಿಲ್ಲ ಎಂಬುದು ಅವನಿಗೂ ಗೊತ್ತು, ನಮಗೂ ಗೊತ್ತು.

ಈ ಗಿಟಾರಿಗೆ ಹೊಟ್ಟೆಯಿಲ್ಲ. ಗಟ್ಟಿ ಹಲಗೆ, ಮೇಲೆ ಆರು ತಂತಿ. ಅದರ ದನಿಯೆಲ್ಲ ಆಂಪ್ಲಿಫೈಯರ್ ಎಂಬ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆ ನಡೆಯುವುದು ಟೆಂಟಿನ ಎಂಜಿನ್ನಿನ ಕರೆಂಟಿನಿಂದ, ಹಾಗಾಗಿ ಅದು ಮಾಲೀಕರ ಬಳಿಯೇ ಉಳಿಯಿತು. ಪೆಟ್ಟಿಗೆಯಿಲ್ಲದೆ ಮೀಟಿದರೆ ಬೆಂಕಿಪೊಟ್ಟಣದಲ್ಲಿ ಹಾಕಿಟ್ಟ ಜೀರುಂಡೆ ಕೆರೆದಷ್ಟು ಸದ್ದು. ಅಡುಗೆಮನೆಯಲ್ಲಿದ್ದ ಅಮ್ಮನಿಗೂ ಕೇಳಿಸದು. ಸಾಲದ್ದಕ್ಕೆ, ಹಾರ್ಮೋನಿಯಂನಂತೆ ಬೆರಳಿಟ್ಟರೆ ಸ್ವರ ಬರುವ ಮನೆಗಳೂ ಇದಕ್ಕಿಲ್ಲ. ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸಬೇಕು. ಹಲಗೆಯ ಮೇಲೆ ಗೆರೆ ಬರೆದಿದ್ದಾರೆ ನಿಜ, ಆದರೆ ಗೆರೆಯಿಂದ ರಾಗಿಕಾಳಿನಷ್ಟು ಸರಿದರೂ ಅಪಸ್ವರ. ಎಲ್ಲಿ ನಿಲ್ಲಬೇಕೆಂದು ಹೇಳುವುದು ಕಿವಿಯೊಂದೇ.

"ಅಪ್ಪಾ, ಇದು ಕಿವಿ ಇದ್ದೋರ ವಾದ್ಯ" ಎಂದು ಕೂಗಿದೆ.

"ಏನು?"

"ಕಿವಿ! ಕಿವಿ ಬೇಕು!"

"ಹೂಂನಲೇ, ಕವಿ ಕಟ್ಟಿದ್ದ ಪದ ಎಲ್ಲಾ ಬರ್ತಾವ ನನಗ" ಅಂದ. ಚರ್ಚೆ ಅಲ್ಲಿಗೆ ಮುಗಿಯಿತು.

ಮೊದಮೊದಲು ಅಪ್ಪ ಹಲಗೆಯ ಮೇಲೆ ಬಾಗಿ ದವಡೆ ಒತ್ತಿಕೊಂಡು ಮೀಟುತ್ತಿದ್ದ. ಕೈ ಆಡುತ್ತಿರಲಿಲ್ಲ, ಬೆನ್ನು ಹಿಡಿದುಕೊಳ್ಳುತ್ತಿತ್ತು. ಒಂದು ಬೆಳಿಗ್ಗೆ ಅಮ್ಮ ತೊಳೆದು ಒಣಗಲು ಇಟ್ಟಿದ್ದ ಮುದ್ದೆ ಕೋಲು ಕಣ್ಣಿಗೆ ಬಿತ್ತು. ಅದರ ಒಂದು ತುದಿಯನ್ನು ಹಲಗೆಗೆ ಊರಿದ, ಇನ್ನೊಂದನ್ನು ಮುಂಬಲ್ಲಿನಲ್ಲಿ ಕಚ್ಚಿದ. ಮೀಟಿದ. ಹಾಗೇ ಕೂತುಬಿಟ್ಟ. ಮತ್ತೆ ಮೀಟಿದ. ಕಣ್ಣಲ್ಲಿ ನೀರು.

ಅಮ್ಮ ಹೇಮಾವತಿ ಕಡೆಯವಳು, ಅವಳ ಮಾತೂ ಆ ಕಡೆಯದೇ. "ಅಯ್ಯೋ ನನ್ ಕರ್ಮವೇ! ಉಣ್ಣೋ ಮುದ್ದೆ ತಿರುವೋ ಕೋಲ್ನ ನಾಯಿ ಎಲುಬು ಕಡ್ದಂಗೆ ಕಡೀತಾವ್ರಲ್ಲೋ! ಎಂಜ್ಲು ಕಣ್ರೀ, ಎಂಜ್ಲು!"

ಅಪ್ಪ ಕೋಲು ಬಿಡದೆಯೇ ನಕ್ಕ.

ಕೋಲಿನಿಂದ ಹಲ್ಲಿಗೆ ಸ್ವರ ಕೇಳುತ್ತಿದೆ ಎಂದು ಅಪ್ಪ ಹೇಳಿದ್ದನ್ನು ನಾನು ನಂಬಲಿಲ್ಲ. ಹಲ್ಲಿಗೆಲ್ಲಿಯ ಕಿವಿ? ಅಪ್ಪ ಕೇಳುತ್ತಿಲ್ಲ, ನೆನಪು ಮಾಡಿಕೊಳ್ಳುತ್ತಿದ್ದಾನೆ ಎಂದು ವಾದ ಹೂಡಿದೆ. ಅಪ್ಪನ ಕಿವಿಗಾಗಿ ಹೇಮಾವತಿಯ ಸಿದ್ದೇಶ್ವರನಿಗೆ ಹರಕೆ ಹೊತ್ತಿದ್ದ ಅಮ್ಮ, "ನಿನ್ ವಾದಕ್ಕಿಂತ ಆ ಕೋಲೇ ವಾಸಿ ಬಿಡ್ಲಾ" ಅಂದಳು. ಅವಳಿಗೆ ಉತ್ತರ ಕೊಡುವ ಬದಲು ಪ್ರಮಾಣ ಹುಡುಕಿದೆ. ಅಪ್ಪ ಮುಖ ತೊಳೆಯಲು ಹಿತ್ತಲಿಗೆ ಹೋದಾಗ ಮೂರನೇ ತಂತಿಯ ಬಿರಡೆಯನ್ನು ಒಂದಿಷ್ಟೇ ಇಳಿಸಿಟ್ಟೆ. ಅಪ್ಪ ಬಂದು ಕೂತ, ಕೋಲು ಕಚ್ಚಿದ, ಒಮ್ಮೆ ಮೀಟಿ ನಿಲ್ಲಿಸಿದ. ಕೋಲು ತೆಗೆದು ನನ್ನ ಕಡೆ ನೋಡಿದ.

"ಪರೀಕ್ಷೆ ಮಾಡಿದೇನಲೇ? ಮೂರನೇ ತಂತಿ. ಪಾಸಾದೆನೋ ಇಲ್ಲೋ?"

ಆ ದಿನದಿಂದ ನಾನು ಪಕ್ಷ ಬದಲಿಸಿದೆ. ಅನುಮಾನದವನು ಒಮ್ಮೆ ನಂಬಿದರೆ ಪೂಜಾರಿಗಿಂತ ಕಡೆ. ಅಪ್ಪ ದಿನವೂ ಸದ್ದಿಲ್ಲದ ಸಾಧನೆಗೆ ಕೂರುತ್ತಿದ್ದ, ನಾನು ಹಲಗೆಗೆ ಕಿವಿ ಹಚ್ಚಿ ತಪ್ಪು ಹಿಡಿಯುತ್ತಿದ್ದೆ. ತಪ್ಪು ಕಡಿಮೆಯಾದವು. ಕೋಲಿನಲ್ಲಿ ಹಲ್ಲಿನ ಗುರುತು ಮಾತ್ರ ಆಳವಾಗುತ್ತ ಹೋಯಿತು, ಮೇಲಿನ ಮುಂಬಲ್ಲೊಂದು ಸಡಿಲವಾಯಿತು. ದಿನದಿನಕ್ಕೆ ಇನ್ನೂ ಬಿಗಿಯಾಗಿ ಕಚ್ಚುತ್ತಿದ್ದಾನೆಂದರೆ ಹಲ್ಲಿಗೂ ದನಿ ತೆಳ್ಳಗಾಗುತ್ತಿದೆ ಎಂದೇ ಅರ್ಥ. ಅದನ್ನು ನಾನು ಕೇಳಲಿಲ್ಲ, ಅಪ್ಪ ಹೇಳಲಿಲ್ಲ.

ಮಡಕಶಿರಾಕ್ಕೆ ಹೊರಟ ಬೆಳಿಗ್ಗೆ ಅಪ್ಪ, "ಕೋಲು ಬ್ಯಾಡ. ಅಲ್ಲಿ ಪೆಟ್ಟಿಗಿ ಐತಲ್ಲ" ಅಂದ. ನಾನೂ ಒಪ್ಪಿದೆ. ಜೀರುಂಡೆಯಷ್ಟು ಸದ್ದು ಹಲ್ಲಿಗೆ ಕೇಳುತ್ತದೆ, ಲೌಡ್‌ಸ್ಪೀಕರಿನ ಸದ್ದು ಅದರ ನೂರು ಪಟ್ಟು, ಆದ್ದರಿಂದ ಅದು ಕಿವಿಗೆ ಕೇಳಲೇಬೇಕು. ತರ್ಕ ಎಷ್ಟು ನೆಟ್ಟಗೆ ನಿಂತಿತ್ತೆಂದರೆ ಅದರ ಕಾಲ ಕೆಳಗೆ ನೆಲವಿದೆಯೇ ಎಂದು ನಾನು ನೋಡಲಿಲ್ಲ. ಅಮ್ಮ ಮಾತ್ರ ರೊಟ್ಟಿ ಗಂಟಿನ ಕೆಳಗೆ ಬಟ್ಟೆ ಸುತ್ತಿದ ಕೋಲನ್ನು ತುರುಕಿದಳು. "ತಗಂಡೋಗ್ಲಾ. ನಾನು ಅಟ್ಟದ್ ಮೇಲಿನ ಹಳೇದ್ರಾಗೆ ತಿರುವ್ಕಂತೀನಿ."

ಯುದ್ಧದ ಕಾಲ, ಪೆಟ್ರೋಲಿನ ಬದಲು ಇದ್ದಿಲು ಗ್ಯಾಸಿನಲ್ಲಿ ಓಡುವ ಬಸ್ಸು ಕಲ್ಯಾಣದುರ್ಗದ ದಾರಿಯಲ್ಲಿ ಕೆಮ್ಮುತ್ತ ಕೆಮ್ಮುತ್ತ ನಮ್ಮನ್ನು ಮುಟ್ಟಿಸಿತು. ಅವತ್ತೇ ಮಧ್ಯಾಹ್ನ ಟೆಂಟಿನಲ್ಲಿ ಪರೀಕ್ಷೆ. ಎಂಜಿನ್ ಹೊಡೆದುಕೊಳ್ಳತೊಡಗಿತು, ಪೆಟ್ಟಿಗೆಯ ದೀಪ ಕೆಂಪಗಾಯಿತು. ಅಪ್ಪ ಮೀಟಿದ. ಮುಂದಿದ್ದ ಬೇವಿನಮರದ ಕಾಗೆಗಳು ಎದ್ದು ಹಾರಿದವು. ಅಷ್ಟು ದೊಡ್ಡ ದನಿ. ಅಪ್ಪ ತಲೆಯೆತ್ತಿ ಲೌಡ್‌ಸ್ಪೀಕರಿನ ಹಾರ್ನಿನ ಕಡೆ ನೋಡಿದ, ಆಮೇಲೆ ನನ್ನ ಕಡೆ.

"ಇನ್ನಾ ಹಚ್ಚಿಲ್ಲೇನು?"

ಮಾಲೀಕರು ನನ್ನ ಮುಖ ನೋಡಿದರು. ನಾನು ಹಾರ್ನನ್ನು ಅಪ್ಪನ ಕಡೆ ತಿರುಗಿಸಿದೆ. ಅಪ್ಪ ಮತ್ತೆ ಮೀಟಿ, "ಗುಂಯ್ ಅಂತೈತಿ ಅಷ್ಟ. ಸ್ವರ ಸಿಗವಲ್ದು" ಅಂದ. ಆದರೂ ಬಿಡಲಿಲ್ಲ. ಗೆರೆಗಳನ್ನು ನೋಡುತ್ತ ನುಡಿಸಿದ. ಉಕ್ಕಿನ ತುಂಡು ಗೆರೆ ದಾಟಿ ದಾಟಿ ಜಾರುತ್ತಿತ್ತು, ಪ್ರತಿ ಜಾರಿಕೆಯನ್ನೂ ಹಾರ್ನು ಊರಿಗೆಲ್ಲ ಸಾರುತ್ತಿತ್ತು. ಟಿಕೆಟ್ಟಿಗೆ ಬಂದಿದ್ದವರಲ್ಲಿ ಒಬ್ಬ, "ಯಾರದಪ್ಪಾ ಎಮ್ಮೆ? ಈದೈತಾ ಇನ್ನೂ ಇಲ್ವಾ?" ಅಂದ. ಎಲ್ಲರೂ ನಕ್ಕರು. ನಗು ಅಪ್ಪನಿಗೆ ಕೇಳಲಿಲ್ಲ, ಕಂಡಿತು.

ಗಂಟು ಬಿಚ್ಚಿ ಕೋಲು ಕೊಟ್ಟೆ. ಅಪ್ಪ ಒಂದು ಕ್ಷಣ ಅದನ್ನು ನೋಡಿದ, ಕಚ್ಚಿದ. ಮತ್ತೊಮ್ಮೆ ನಗು ಎದ್ದಿತು, ಮೊದಲಿಗಿಂತ ಜೋರಾಗಿ. ನಂತರ ಸ್ವರ ಬಂತು. ಒಂದು ಕೂದಲೆಳೆಯಷ್ಟೂ ಸರಿಯದ ಸ್ವರ. ಮಳೆಗಾಲವಿಡೀ ಹಲಗೆಗೆ ಕಿವಿ ಹಚ್ಚಿ ನಾನೊಬ್ಬನೇ ಕೇಳಿದ್ದನ್ನು ಮಡಕಶಿರಾದ ಬಯಲು ಕೇಳಿತು. ಎಮ್ಮೆ ಅಂದವನೂ ಹತ್ತಿರ ಬಂದು ನಿಂತ.

ಮಾಲೀಕರು ನನ್ನನ್ನು ಹೊರಗೆ ಕರೆದರು. "ಕಿವಿ ವಿಷ್ಯ ಯಾಕಪ್ಪಾ ಹೇಳಲಿಲ್ಲ?"

"ನುಡಿಸಿದ್ದು ಸರಿ ಇತ್ತಲ್ಲ ಸಾಹುಕಾರ್ರೇ?"

"ಇತ್ತು. ಆದ್ರೆ ಕೋಲು ಕಚ್ಕಂಡು ಕೂತ್ರೆ ಜನ ನಗಾಡ್ತಾರೆ."

"ಪರದೆ ಹಿಂದೆ ಕೂಡಿಸ್ರಿ. ಯಾರು ನೋಡ್ತಾರ?"

"ಕಾಣದಂಗೆ ನುಡಿಸೋಕೆ ನನ್ ತಾವ ಗ್ರಾಮಫೋನ್ ಪ್ಲೇಟ್ ಇಲ್ವಾ? ಪ್ಲೇಟ್ ಉಣ್ಣಾಕೂ ಕೇಳಲ್ಲ. ಜನ ಬರೋದು ಕೈ ಓಡಾಡೋದ್ನ ನೋಡಾಕೆ ಕಣಪ್ಪಾ."

ವಾದ ಸೋತಾಗ ಬಾಯಿ ಮುಚ್ಚುವುದನ್ನು ನಮಗೆ ಕಾಲೇಜಿನಲ್ಲಿ ಕಲಿಸಿಲ್ಲ. "ಹಂಗಾದ್ರ ಕೋಲನ್ನೇ ಮುಂದ ಇಡ್ರಿ. ಹಲ್ಲಿನಾಗ ಕೇಳೋ ಮೇಷ್ಟ್ರು ಅಂತ ಊರಾಗ ತಮಟೆ ಹೊಡೆಸ್ರಿ. ಸಿನಿಮಾಕ್ಕಿಂತ ಜಾಸ್ತಿ ಜನ ಬರ್ತಾರ!"

ಮಾಲೀಕರು ಟೆಂಟಿನೊಳಗೆ ಕೂತಿದ್ದ ಅಪ್ಪನ ಕಡೆ ನೋಡಿದರು. "ಬತ್ತಾರೆ. ನಗಾಕೆ ಬತ್ತಾರೆ. ಆ ಮೇಷ್ಟ್ರ ಹಾರ್ಮೋನಿಯಂ ಪೆಟ್ಟಿಗೆ ಕೇಳಾಕೆ ನಾನು ಚಿಕ್ಕೋನಿದ್ದಾಗ ಬೇಲಿ ಹಾರಿ ಹೋಗಿವ್ನಿ. ಅವ್ರನ್ನ ನಗೆಪಾಟ್ಲು ಮಾಡೋದು ನನ್ ಕೈಲಾಗಲ್ಲ. ನೀನು ಮಗ, ನಿನ್ ಬಾಯಲ್ಲಿ ಹೆಂಗೆ ಬಂತೋ!"

ಗಿಟಾರು ಅಲ್ಲಿಯೇ ಉಳಿಯಿತು. ಅಪ್ಪ ಕೋಲು ಹಿಡಿದು ಬಂದ. ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಕೂತೆವು, ಟೆಂಟಿನ ನೆತ್ತಿ ಅಲ್ಲಿಂದಲೂ ಕಾಣುತ್ತಿತ್ತು. ಏನು ಮಾತಾಡಿದಿರಿ ಎಂದು ಅಪ್ಪ ಕೇಳಿದ. ನಾನು ಕೈಯಾಡಿಸಿ, ಆಗಲಿಲ್ಲ ಅಂದೆ. ಅಪ್ಪ ಕೋಲಿನ ತುದಿಯನ್ನು ನನ್ನ ಕೊರಳಿನ ಕೆಳಗಿನ ಎಲುಬಿಗೆ ಊರಿ, ಇನ್ನೊಂದು ತುದಿ ಕಚ್ಚಿ, ಹೇಳು ಎಂದು ಕಣ್ಣಿನಲ್ಲೇ ಸನ್ನೆ ಮಾಡಿದ.

"ಏನು ಹೇಳ್ಲಿ ಅಪ್ಪಾ?"

ಅಪ್ಪ ಬೆಚ್ಚಿದ. ಕೋಲು ತೆಗೆದು ನನ್ನ ಬಾಯಿ ನೋಡಿದ, ಮತ್ತೆ ಕಚ್ಚಿದ. ಇನ್ನೊಮ್ಮೆ ಅಪ್ಪಾ ಅಂದೆ.

"ನಿನ್ನ ದನಿ ಏನಿದು?" ಅಂದ. "ಸಣ್ಣಾವಿದ್ದಾಗ ಹಾರ್ಮೋನಿಯಂದ ಕರಿ ಮನಿ ಎರಡ್ರಾಗ ಕಿರುಚ್ತಿದ್ದಿ. ಈಗ ಬಿಳಿ ಮನಿ ಒಂದು. ಯಾವಾಗ ಇಳೀತು?"

ಆಮೇಲೆ ಎಲ್ಲವನ್ನೂ ಹೇಳಿಸಿದ. ಪರದೆ, ಪ್ಲೇಟು, ತಮಟೆ. ಯಾವುದನ್ನೂ ಬಿಡಲಾಗಲಿಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದ, ನಡುವೆ ಸಡಿಲ ಹಲ್ಲು ನೋವಾಗಿ ಕೋಲನ್ನು ಈ ಕಡೆಯಿಂದ ಆ ಕಡೆಗೆ ಸರಿಸಿಕೊಂಡ. ಮುಗಿದ ಮೇಲೆ ಕೇಳಿದ:

"ತಮಟೆ ಮಾತಿಗೆ ಅವ್ರು ಒಪ್ಪಲಿಲ್ಲೇನು?"

"ಇಲ್ಲ."

"ನಾ ಒಪ್ಪತಿದ್ನಲ್ಲೋ." ಟೆಂಟಿನ ಕಡೆ ನೋಡಿದ. ಅಲ್ಲಿ ಹಾರ್ನಿನಲ್ಲಿ ಯಾವುದೋ ಪ್ಲೇಟು ಶುರುವಾಗಿತ್ತು. "ನಕ್ರ ನಗಲಿ. ಕುಂದರತೀನಿ. ಬಸ್ಸು ಬರಾಕ ಇನ್ನಾ ಹೊತ್ತೈತಿ. ಹೋಗಿ ಹೇಳ್ ಬಾ, ಅಪ್ಪ ಒಪ್ಯಾನ ಅಂತ."

ಕೋಲನ್ನು ನನ್ನ ಎಲುಬಿನಿಂದ ತೆಗೆಯದೆ ಉತ್ತರಕ್ಕೆ ಕಾದ. ನಾನು ದೊಡ್ಡವನಾದ ಮೇಲೆ ಆಡಿದ ಮಾತನ್ನು ಅಪ್ಪ ಒಂದಕ್ಷರ ಬಿಡದೆ ಕೇಳಿದ್ದು ಅವತ್ತೊಂದೇ ದಿನ.

"ಬ್ಯಾಡಪ್ಪಾ" ಅಂದೆ. ಬಿಳಿ ಒಂದರಲ್ಲೇ ಅಂದಿರಬೇಕು.