ಹಸಿರು ಬಿಲ್ಲೆ

ಇಸ್ತ್ರಿ ಅಕ್ಕ ಆಸ್ಪತ್ರೆಗೆ ಹೋಗಿ ಚುಚ್ಚಿಸಿಕೊಂಡಳೋ ಇಲ್ಲವೋ ಎಂಬ ಒಂದೇ ಹುಳ ಅವಳ ತಲೆ ಕೊರೆಯುತ್ತಿತ್ತು. ಹಾಲಿನ ಬಾಟಲಿ ಕುದಿಸುವಾಗ ಕೊರೆಯುತ್ತಿತ್ತು, ಪಾಪುವಿನ ಅಂಗಿ ಮಡಚುವಾಗ ಕೊರೆಯುತ್ತಿತ್ತು, ನಲ್ಲಿ ನಿಲ್ಲಿಸಿ ಕೈ ಒರೆಸಿಕೊಳ್ಳುವ ಆ ಒಂದು ಗಳಿಗೆಯಲ್ಲೂ ಬಿಡದೆ ಕೊರೆಯುತ್ತಿತ್ತು. ಆದರೆ ನೋವು ಮಾತ್ರ ಗೊತ್ತಾಗುತ್ತಿರಲಿಲ್ಲ. ಹಲ್ಲಿನ ಡಾಕ್ಟರು ದವಡೆ ಮರಗಟ್ಟಿಸಿದ ಮೇಲೆ ಯಂತ್ರದ ಸದ್ದಷ್ಟೇ ಕೇಳುತ್ತದಲ್ಲ, ಹಾಗೆ.

ಹುಟ್ಟಾ ಪುಕ್ಕಲಿ ಅವಳು. ಶಾಲೆಗೆ ಹೋಗುವಾಗ ದಾರಿಯಲ್ಲಿ ನಾಯಿ ಮಲಗಿದ್ದರೆ ಇನ್ನೊಂದು ಬೀದಿ ಸುತ್ತಿ ಹೋಗುತ್ತಿದ್ದಳು. ಅವಳ ಅಣ್ಣ ಅದನ್ನು ಈಗಲೂ ಆಡಿಕೊಳ್ಳುತ್ತಾನೆ. ಅಂಥವಳು ಮದುವೆಯಾಗಿ ಬಂದದ್ದು ನಾಯಿ ಸಾಕಿದ ಮನೆಗೆ. ಮಾವ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪುಸ್ತಕಕ್ಕೆ ರಟ್ಟು ಹಾಕುವ ಕೆಲಸ ಮಾಡಿ ನಿವೃತ್ತರಾದವರು. ಕಂದು ಬಣ್ಣದ, ಒಂದು ಕಿವಿ ಜೋತ ನಾಯಿಗೆ ದೊರೆ ಎಂದು ಹೆಸರಿಟ್ಟು, ತಾವು ಅದರ ದಿವಾನರಂತೆ ಹಿಂದೆ ಹಿಂದೆ ನಡೆಯುತ್ತಿದ್ದರು. ಸೊಸೆಯ ಅಂಗೈ ಮೇಲೆ ರಸ್ಕಿನ ಚೂರು ಇಟ್ಟು, ದೊರೆ ಅದನ್ನು ನೆಕ್ಕುವಾಗ ಕೈ ಹಿಂದಕ್ಕೆ ಎಳೆದುಕೊಳ್ಳದಿರುವುದನ್ನು ಕಲಿಸಿದವರೂ ಅವರೇ. "ಅವನಿಗೆ ನಿನ್ನ ಕಂಡ್ರೆ ಭಯ ಕಣಮ್ಮ, ಪಾಪ, ನೀನೇ ಸ್ವಲ್ಪ ಧೈರ್ಯ ಹೇಳು" ಎನ್ನುತ್ತಿದ್ದರು. ಮಾವ ತೀರಿಕೊಂಡ ಮೇಲೆ ದೊರೆ ಬಹಳ ದಿನ ಸರಿಯಾಗಿ ತಿನ್ನಲಿಲ್ಲ. ಅವರ ಕುರ್ಚಿಯ ಕೆಳಗೇ ಬಿದ್ದುಕೊಂಡಿರುತ್ತಿತ್ತು. ಗಂಡ ಕೆಲಸದಿಂದ ಬಂದವನು ಚಪ್ಪಲಿ ಬಿಚ್ಚುವ ಮೊದಲು ನೆಲದಲ್ಲಿ ಕೂತು ಅದರ ಕಿವಿ ತುರಿಸುತ್ತಿದ್ದ. ಅಪ್ಪನ ಬಗ್ಗೆ ಅವನು ಮಾತಾಡಿದ್ದು ಕಡಿಮೆ. ಆಡಬೇಕಾದದ್ದನ್ನೆಲ್ಲ ಆ ಕಿವಿಗೇ ಹೇಳಿರಬೇಕು.

ಅವರ ಊರಿನ ನಗರಸಭೆಯ ನಿಯಮ ಹೀಗೆ. ನಾಯಿಗೆ ಪ್ರತಿ ವರ್ಷ ಹುಚ್ಚು ರೋಗದ ಚುಚ್ಚುಮದ್ದು ಹಾಕಿಸಬೇಕು. ಹಾಕಿಸಿದವರಿಗೆ ತಗಡಿನ ಬಿಲ್ಲೆ ಕೊಡುತ್ತಾರೆ, ಅದು ಕೊರಳಪಟ್ಟಿಯಲ್ಲಿ ತೂಗುತ್ತಿರಬೇಕು. ವರ್ಷಕ್ಕೊಂದು ಬಣ್ಣ. ಹೋದ ವರ್ಷ ಹಳದಿ, ಈ ವರ್ಷ ಹಸಿರು. ಮೆಟ್ಟಿಲ ಮೇಲೆ ಹಗ್ಗ, ಲಿಫ್ಟಿನಲ್ಲಿ ಬಾಯಿಗೆ ಕುಕ್ಕೆ. ನಾಯಿ ಯಾರನ್ನಾದರೂ ಕಚ್ಚಿದರೆ ಸಾಕಿದವರೇ ನಗರಸಭೆಗೆ ತಿಳಿಸಬೇಕು. ಚುಚ್ಚುಮದ್ದು ಆಗಿಲ್ಲದ ನಾಯಿಯಾದರೆ ಗಾಡಿ ಬಂದು ಒಯ್ದು, ಗೂಡಿನಲ್ಲಿಟ್ಟು ರೋಗ ಕಾಣಿಸುತ್ತದೋ ಎಂದು ಕಾಯುತ್ತಾರೆ. ಇದನ್ನೆಲ್ಲ ದಪ್ಪಕ್ಷರದಲ್ಲಿ ಟೈಪು ಮಾಡಿಸಿ ಲಿಫ್ಟಿನ ಪಕ್ಕ ಅಂಟಿಸಿದವರು ಕಟ್ಟಡದ ಸೆಕ್ರೆಟರಿ. ಮನೆಮನೆಯಲ್ಲೂ ಅವರಿಗೆ ಕಾನೂನು ಅಂಕಲ್ ಎಂದೇ ಹೆಸರು. ಪಾರಿವಾಳ ಕೂಡ ಅವರ ಅಪ್ಪಣೆ ಕೇಳಿ ಹಿಕ್ಕೆ ಹಾಕಬೇಕು ಎಂದು ಗಂಡ ನಗುತ್ತಿದ್ದ.

ಚುಚ್ಚುಮದ್ದಿನ ಶಿಬಿರ ನಡೆದಾಗ ಅವಳು ಹೆರಿಗೆ ವಾರ್ಡಿನಲ್ಲಿದ್ದಳು. ಆಮೇಲೆ ಪಾಪುವಿಗೆ ಕಾಮಾಲೆ, ಆಮೇಲೆ ಅವಳಿಗೆ ಜ್ವರ, ಆಮೇಲೆ ಗಂಡನ "ನಾಳೆ ಕರ್ಕೊಂಡು ಹೋಗ್ತೀನಿ". ಆ ನಾಳೆ ದಿನಾ ಒಂದು ದಿನ ಮುಂದಕ್ಕೆ ಹೋಗುತ್ತಿತ್ತು. ಅಷ್ಟರಲ್ಲಿ ಹಸಿರು ಬಿಲ್ಲೆ ಇಲ್ಲದ ನಾಯಿಗೆ ಗೇಟಿನೊಳಗೆ ಪ್ರವೇಶವಿಲ್ಲ ಎಂಬ ಹೊಸ ಕಾಗದ ಲಿಫ್ಟಿನ ಪಕ್ಕ ಬಂತು. ಅವಳು ಪಾಪುವನ್ನು ಮಲಗಿಸಿ, ನಾದಿನಿ ಬಿಟ್ಟುಹೋಗಿದ್ದ ಹಸಿರು ನೇಲ್ ಪಾಲಿಶ್ ತೆಗೆದು, ದೊರೆಯ ಹಳದಿ ಬಿಲ್ಲೆಗೆ ಬಳಿದಳು. ಒಣಗಿದ ಮೇಲೆ ಇನ್ನೊಮ್ಮೆ ಬಳಿದಳು. ಅಚ್ಚೊತ್ತಿದ್ದ ಇಸವಿ ಬಣ್ಣದಡಿ ಹೂತುಹೋಯಿತು. ದೊರೆ ಅಲ್ಲಾಡದೆ ಕೂತಿತ್ತು, ಸಿಂಗಾರ ಮಾಡಿಸಿಕೊಳ್ಳುವ ಮದುವಣಗಿತ್ತಿಯಷ್ಟು ಗಂಭೀರವಾಗಿ. ಅವತ್ತು ಗಂಡ ಹೆಂಡತಿ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಬಾಣಂತನದ ನಂತರ ಅವಳು ಹಾಗೆ ನಕ್ಕದ್ದು ಅದೇ ಮೊದಲು. ಮರುದಿನ ಕಾನೂನು ಅಂಕಲ್ ದೂರದಿಂದಲೇ ಕನ್ನಡಕ ಏರಿಸಿ ನೋಡಿ, ಕಟ್ಟಡದಲ್ಲಿ ಜವಾಬ್ದಾರಿ ಇರುವ ಸಂಸಾರ ಅಂದರೆ ಇದೊಂದೇ ಎಂದು ನಾಲ್ಕು ಜನರ ಮುಂದೆ ಹೊಗಳಿದರು.

ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಮೇಜು ಹಾಕಿಕೊಂಡು ಕಟ್ಟಡದವರ ಬಟ್ಟೆಗೆಲ್ಲ ಇಸ್ತ್ರಿ ಮಾಡುವ ಹೆಂಗಸನ್ನು ಎಲ್ಲರೂ ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಕೆಲವು ದಿನಗಳ ಹಿಂದೆ ಬಟ್ಟೆ ಗಂಟು ಕೊಡಲು ಬಂದವಳು, ತೊಟ್ಟಿಲ ಪಕ್ಕ ಬಿದ್ದಿದ್ದ ಟೊಪ್ಪಿಗೆ ಎತ್ತಲು ಬಗ್ಗಿದಳು. ಬಾಗಿಲು ತೆರೆದಿತ್ತು, ಪಾಪು ಕಿರುಚುತ್ತಿತ್ತು, ದೊರೆಗೆ ಹಗ್ಗ ಕಟ್ಟಿರಲಿಲ್ಲ. ಬೊಗಳಲೂ ಇಲ್ಲ ಅದು. ಕುರ್ಚಿಯ ಕೆಳಗಿನಿಂದ ಬಂದು ಆಕೆಯ ಮುಂಗೈಯನ್ನು ಕಚ್ಚಿ, ಬಿಟ್ಟು, ತಾನೇ ಬೆಚ್ಚಿದಂತೆ ಮೂಲೆಗೆ ಹೋಗಿ ನಿಂತಿತು. ಹಲ್ಲು ಊರಿದ ಕಡೆ ರಕ್ತ ನಿಧಾನವಾಗಿ ಜಿನುಗಿತು.

ಇಸ್ತ್ರಿ ಅಕ್ಕ ಅಡುಗೆಮನೆಯ ನಲ್ಲಿಯಡಿ ಸೋಪು ಹಚ್ಚಿ ತೊಳೆದುಕೊಂಡಳು. ಆಮೇಲೆ ಸೆರಗಿನಲ್ಲಿ ಒತ್ತಿ ಹಿಡಿದು ದೊರೆಯ ಕೊರಳ ಕಡೆ ನೋಡಿದಳು.

"ಹಸಿರು ಬಿಲ್ಲೆ ಇದೆಯಲ್ಲ, ಬಿಡಿ. ಚುಚ್ಚಿಸಿದೀರಿ. ಇನ್ಯಾಕೆ ಆಸ್ಪತ್ರೆ? ಅಲ್ಲಿ ಹೋಗಿ ಸಾಲಲ್ಲಿ ನಿಂತ್ರೆ ನನ್ನ ಪೆಟ್ಟಿಗೆ ಇಲ್ಲಿ ತಣ್ಣಗಾಗುತ್ತೆ."

ಬಿಲ್ಲೆಯ ನಿಜ ಹೇಳದೆ ಅವಳು ಒಳಗೆ ಹೋದಳು. ಹತ್ತಿ ತಂದುಕೊಟ್ಟಳು. ತಪ್ಪಾಯ್ತು ಅಕ್ಕ ಎಂದಳು. "ನಿಮ್ಮ ತಪ್ಪೇನಮ್ಮ, ಮಗೂನ ಕಾಯ್ತಾ ಇದೆ ಪಾಪ" ಎಂದು ಆಕೆ ಮೆಟ್ಟಿಲಿಳಿದು ಹೋದಳು.

ಸಂಜೆ ಗಂಡನಿಗೆ ಹೇಳಿದಳು. ಅವನು ನೆಲದಲ್ಲಿ ಕೂತು, ದೊರೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿವಿ ತುರಿಸತೊಡಗಿದ. ಮನೆ ಬಿಟ್ಟು ಹೋಗದ ನಾಯಿ, ಅದಕ್ಕೆ ಎಲ್ಲಿಂದ ರೋಗ ಬರಬೇಕು ಎಂದ. ಕೊನೆಗೆ ದನಿ ತಗ್ಗಿಸಿ, "ಗೂಡಿಗೆ ಹಾಕಿದ್ರೆ ಇವನು ಅಲ್ಲಿ ತಿನ್ನಲ್ಲ ಕಣೇ. ವಾಪಸ್ ಬರಲ್ಲ. ಬಿಲ್ಲೆ ಮಾತು ಎತ್ತಬೇಡ" ಎಂದ. ಅವಳು ತಲೆಯಾಡಿಸಿದಳು. ತಲೆಯಾಡಿಸಿದ್ದು ತಾನೇ ಹೌದೋ ಅಲ್ಲವೋ ಎಂಬಷ್ಟು ಮಂಕು ಕವಿದಿತ್ತು.

ಅಲ್ಲಿಂದ ದಿನಗಳು ತೊಳೆದ ಬಟ್ಟೆ ತಂತಿಯ ಮೇಲೆ ಬಿದ್ದುಕೊಂಡಂತೆ ಕಳೆದವು. ದೊರೆ ನೀರು ಕುಡಿಯುವಾಗ ಅವಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಕುಡಿಯಿತು ಎಂದು ಸಮಾಧಾನವೂ ಆಗುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ. ಪಾಪು ನಕ್ಕರೆ ತುಟಿ ಅಗಲಿಸಿ ತಾನೂ ನಗುತ್ತಿದ್ದಳು, ಲೆಕ್ಕ ತಪ್ಪದಂತೆ.

ಇವತ್ತು ಬೆಳಿಗ್ಗೆ ಪಾಪುವನ್ನು ಹೆಗಲಿಗೆ ಹಾಕಿಕೊಂಡು ಕೆಳಗಿಳಿದಾಗ ಇಸ್ತ್ರಿ ಮೇಜಿನ ಮೇಲೆ ಟಾರ್ಪಾಲು ಮುಚ್ಚಿತ್ತು. ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಆಕೆಯ ಫೋನ್ ನಂಬರು. ಅವಳು ಅಲ್ಲೇ ನಿಂತುಬಿಟ್ಟಳು. ಕಾನೂನು ಅಂಕಲ್ ಪೇಪರು ಹಿಡಿದು ಬಂದು ತಾವಾಗಿಯೇ ಮಾತು ತೆಗೆದರು. ಇಸ್ತ್ರಿಯವಳು ಈಗಷ್ಟೇ ತಂಗಿಯ ಊರಿನ ಬಸ್ಸಿಗೆ ಹೊರಟಳಂತೆ, ಬರುವುದು ಮುಂದಿನ ತಿಂಗಳಂತೆ. ನಿನ್ನೆ ಔಷಧಿ ಅಂಗಡಿಯವನು ಆಕೆಯ ಕೈ ನೋಡಿ, ಸುಮ್ಮನೆ ಕೂರಬೇಡ, ಆಸ್ಪತ್ರೆಗೆ ಹೋಗಿ ಚುಚ್ಚಿಸಿಕೋ ಎಂದು ಬೈದನಂತೆ.

"ನಾನೇ ಹೇಳಿದೆ ಅವಳಿಗೆ," ಎಂದರು ಅಂಕಲ್, ಎದೆ ಉಬ್ಬಿಸಿ. "ಆ ಬಿಲ್ಲೆ ನಾನೇ ಕಣ್ಣಾರೆ ನೋಡಿದೀನಿ, ನಿಶ್ಚಿಂತೆಯಾಗಿ ಊರಿಗೆ ಹೋಗು ಅಂದೆ. ನಿಯಮ ಪಾಲಿಸಿದ್ರೆ ಇದೇ ಅನುಕೂಲ ನೋಡಮ್ಮ."

ಅವಳು ಹೂಂ ಎಂದಳು. ಮೆಟ್ಟಿಲು ಹತ್ತಿ ಮನೆಗೆ ಬಂದಳು. ಪಾಪುವನ್ನು ತೊಟ್ಟಿಲಲ್ಲಿ ಮಲಗಿಸಿದಳು. ದೊರೆ ಕುರ್ಚಿಯ ಕೆಳಗಿನಿಂದ ಎದ್ದು ಬಂದು ಅವಳ ಅಂಗೈ ಮೂಸಿತು. ಕೊರಳಲ್ಲಿ ಬಿಲ್ಲೆ ತೂಗುತ್ತಿತ್ತು. ಒಂದು ಅಂಚಿನಲ್ಲಿ ಪಾಲಿಶ್ ಎದ್ದು ಹಳದಿ ಇಣುಕುತ್ತಿತ್ತು. ಅದು ಇವತ್ತೇ ಎದ್ದದ್ದೋ, ಅವತ್ತಿನಿಂದಲೂ ಹಾಗೇ ಇತ್ತೋ, ಯಾರೂ ಬಗ್ಗಿ ನೋಡಿರಲಿಲ್ಲ. ಅವಳು ಉಗುರಿನಿಂದ ಉಳಿದದ್ದನ್ನೂ ಕೆರೆದಳು. ಹಸಿರು ಸಿಪ್ಪೆ ನೆಲದ ಮೇಲೆ ಉದುರಿತು. ದೊರೆ ಅವತ್ತಿನಂತೆಯೇ ಅಲ್ಲಾಡದೆ ಕೂತಿತ್ತು.

ಗಂಡನಿಗೆ ಮೊದಲು ಹೇಳಬೇಕು ಅನ್ನಿಸಿತು. ಹೇಳಿದರೆ ಅವನು ಬೇಡವೆನ್ನುತ್ತಾನೆ, ತಾನು ಮತ್ತೆ ತಲೆಯಾಡಿಸುತ್ತೇನೆ, ಅಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಗೋಡೆಯ ಮೇಲಿನ ನಂಬರು ಕಣ್ಣಿಗೆ ಕಟ್ಟಿದ ಹಾಗಿತ್ತು. ಒತ್ತಿದಳು. ಆ ಕಡೆ ಬಸ್ ನಿಲ್ದಾಣದ ಗದ್ದಲ.

"ಹೇಳಿ ಪಾಪು ಅಮ್ಮ. ಇಸ್ತ್ರಿಗೆ ಏನಾದ್ರೂ ಇತ್ತಾ? ನಾನು ಊರಿನ ಬಸ್ ಹತ್ತಿ ಕೂತೆನಲ್ಲ."

"ಬಟ್ಟೆ ವಿಷಯ ಅಲ್ಲ ಅಕ್ಕ. ಊರಿಗೆ ಹೋಗಬೇಡಿ." ತನ್ನ ದನಿ ರೈಲ್ವೆ ನಿಲ್ದಾಣದ ಪ್ರಕಟಣೆಯಂತೆ ಸಪಾಟಾಗಿರುವುದು ಅವಳಿಗೇ ಕೇಳಿಸಿತು. "ದೊರೆಗೆ ಈ ವರ್ಷ ಚುಚ್ಚಿಸಿಲ್ಲ. ಆ ಬಿಲ್ಲೆ ಹೋದ ವರ್ಷದ್ದು. ಹಸಿರು ಬಣ್ಣ ನಾನು ಬಳಿದದ್ದು."

ಆ ಕಡೆ ಯಾವುದೋ ಬಸ್ಸಿನ ಕಂಡಕ್ಟರು ಊರಿನ ಹೆಸರು ಕೂಗಿದ. ಮತ್ತೆ ಕೂಗಿದ.

"ನೀವಾ?" ಎಂದಳು ಇಸ್ತ್ರಿ ಅಕ್ಕ. ಬೈಗುಳವೇನೂ ಬರಲಿಲ್ಲ. ಬಂದಿದ್ದರೆ ಹಗುರವಾಗುತ್ತಿತ್ತೇನೋ.

"ನಾನೇ. ದೊಡ್ಡಾಸ್ಪತ್ರೆಗೆ ಹೋಗಿ, ನಾನೂ ಪಾಪೂನ ಎತ್ಕೊಂಡು ಬರ್ತೀನಿ. ನಗರಸಭೆಗೂ ಹೇಳ್ತೀನಿ. ಅವರು ಬಂದು ದೊರೆನ ಕರ್ಕೊಂಡು ಹೋಗ್ಲಿ."

ಫೋನು ಕಿವಿಗೆ ಹಾಗೇ ಇತ್ತು. ಆ ಕಡೆಯಿಂದ, ಯಾರಿಗೋ ಹೇಳುತ್ತಿರುವ ಇಸ್ತ್ರಿ ಅಕ್ಕನ ದನಿ ಕೇಳಿಸಿತು: "ಸ್ವಲ್ಪ ದಾರಿ ಬಿಡಪ್ಪ, ನಾನು ಇಳೀಬೇಕು."