ಬಾವಿಯಲ್ಲಿ ಸಿಕ್ಕಿಬಿದ್ದ ಬಳೆಗಾರ

ನಾನು ಚಿಕ್ಕವಳಿದ್ದಾಗ ಬ್ಯಾಡಗಿಯ ನಮ್ಮ ಅಂಗಳದಲ್ಲಿ ಕಥೆಯೂ ಸೀನೂ ಜೊತೆಜೊತೆಗೇ ನಡೆಯುತ್ತಿದ್ದವು. ಅಪ್ಪ ಮೆಣಸಿನಕಾಯಿ ವ್ಯಾಪಾರಿ. ಸುಗ್ಗಿ ಬಂತೆಂದರೆ ಅಂಗಳದ ತುಂಬ ಕೆಂಪು ರಾಶಿ, ಅದರ ಸುತ್ತ ಕುಳಿತು ತೊಟ್ಟು ಬಿಡಿಸುವ ಹೆಂಗಸರು. ಅವರ ಕೈಗೆ ಕೆಲಸವಿತ್ತು, ಕಿವಿ ಮಾತ್ರ ಖಾಲಿ. ಶಾಲೆ ಬಿಟ್ಟು ಬಂದವಳೇ ನಾನು ಕಟ್ಟೆ ಹತ್ತಿ ಲೈಬ್ರರಿಯ ಪುಸ್ತಕ ತೆರೆದು ಗಟ್ಟಿಯಾಗಿ ಓದುತ್ತಿದ್ದೆ. ಘಾಟಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕಥೆಯಲ್ಲಿ ಮದುವೆಯೇ ನಡೆಯುತ್ತಿರಲಿ, ನಾನು ಅಳುತ್ತಲೇ ಓದುವವಳು.

ಹೆಂಗಸರಲ್ಲಿ ಹಿರಿಯಳಾದವಳನ್ನು ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದೆವು. ಐರಣಿ ಕಡೆಯವಳು, ಓದುಬರಹ ಇಲ್ಲ. ಆದರೆ ನಾನು ಬೇಸರವಾಗಿ ನಾಲ್ಕು ಸಾಲು ಹಾರಿಸಿದರೆ ತಕ್ಷಣ ಹಿಡಿಯುತ್ತಿದ್ದಳು. "ಏ ತಂಗಿ, ಅಂವ ಊಟಾ ಮಾಡ್ಲಾರದ ಹೆಂಗ ಮಲಗಿದ? ಹಿಂದಕ್ಕ ಹೋಗು" ಎನ್ನುವಳು. ನಮ್ಮ ಶಾಲೆಯಲ್ಲಿ ಅಷ್ಟು ಕಟ್ಟುನಿಟ್ಟು ಇರಲಿಲ್ಲ.

ಅವತ್ತು ಭಾನುವಾರ, ಕೆಲಸದ ಕೊನೆಯ ದಿನ. ಉಳಿದ ರಾಶಿ ಮುಗಿಸಿ ಮರುದಿನ ಬೆಳಿಗ್ಗೆ ಹೆಂಗಸರೆಲ್ಲ ಊರಿಗೆ ಹೊರಡುವವರಿದ್ದರು. ನಾವು ಓದುತ್ತಿದ್ದುದು ಒಬ್ಬ ಬಳೆಗಾರನ ಕಥೆ. ಎರಡು ಭಾಗದ ಪುಸ್ತಕ. ಕಳ್ಳರು ಅವನನ್ನು ಹೆಗಲಿಗೆ ಹಾಕಿದ್ದ ಬಳೆಯ ಮಲಾರದ ಸಮೇತ ಕಾಡಿನ ಹಾಳುಬಾವಿಗೆ ನೂಕಿದ್ದರು. ಅವನು ಮೇಲಕ್ಕೆ ನೋಡಿ ಕೂಗಿಕೊಳ್ಳುವಲ್ಲಿಗೆ ಮೊದಲ ಭಾಗ ಮುಗಿದೇ ಹೋಯಿತು. ಬರೆದವನಿಗೆ ಎಲ್ಲರೂ ಸೇರಿ ಬೈದರು. ನಾನು ಎರಡನೆಯ ಭಾಗ ತರಲು ಲೈಬ್ರರಿಗೆ ಓಡಿದೆ.

ಲೈಬ್ರರಿ ಮಾಸ್ತರರು ನಾನು ಕೊಟ್ಟ ಪುಸ್ತಕ ಬಿಡಿಸಿದರು. ಒಂದು ಸೀನು ಬಂತು. ಹಾಳೆ ತಿರುಗಿಸಿದರು, ಇನ್ನೊಂದು ಬಂತು. ನಡುವಿನಿಂದ ಮೆಣಸಿನ ಬೀಜಗಳು ಮೇಜಿನ ಮೇಲೆ ಉದುರಿದವು. ಹಾಳೆಗಳ ಮೂಲೆಯಲ್ಲೆಲ್ಲ ನನ್ನ ಹೆಬ್ಬೆರಳಿನ ಕೆಂಪು ಗುರುತು.

"ಪುಸ್ತಕಾ ಓದಾಕ ಒಯ್ದಿದ್ದೇನು, ಖಾರಾ ಕುಟ್ಟಾಕ ಒಯ್ದಿದ್ದೇನು?" ಎಂದು ಮೂಗು ಒರೆಸಿಕೊಂಡರು. "ಇನ್ನ ಮ್ಯಾಲೆ ನಿನಗ ಪುಸ್ತಕಾ ಕೊಡಂಗಿಲ್ಲ. ಹೋಗು."

ನಾನು ಬರಿಗೈಯಲ್ಲಿ ಬಂದೆ. ಈಗಿನ ಅಳು ಘಾಟಿನದಲ್ಲ ಎಂಬುದು ದೊಡ್ಡವ್ವನಿಗೆ ಗೊತ್ತಾಯಿತು. ಎದ್ದು ಸೆರಗು ಕೊಡವಿಕೊಂಡಳು. "ಕೆಲಸಾ ಬಿಟ್ಟು ಎಲ್ಲಿಗೆ ಹೊಂಟಿ?" ಎಂದು ಅಪ್ಪ ಕೇಳಿದರೆ, "ಈಗ ಬಂದೆ ಬಿಡ್ರಿ" ಎಂದವಳೇ ನನ್ನ ಕೈ ಹಿಡಿದು ನಡೆದಳು. ಅವಳು ಅಲ್ಲಿಯವರೆಗೆ ಲೈಬ್ರರಿಯ ಬಾಗಿಲು ತುಳಿದವಳಲ್ಲ. ಹೊಸ್ತಿಲಾಚೆಯೇ ನಿಂತಳು.

"ಮಾಸ್ತರ್ರ, ನಾಳೆ ಮುಂಜಾನೆ ನಾವು ಊರಿಗೆ ಹೊಂಟೇವ್ರಿ. ನಮಗ ಯಾರಿಗೂ ಓದಾಕ ಬರಂಗಿಲ್ಲ. ಆ ಬಳಿಗಾರ್ನ ಬಾವ್ಯಾಗ ಬಿಟ್ಟು ಹೆಂಗ ಹೋಗೂದ್ರಿ? ವರ್ಷಾನುಗಟ್ಲೆ ಒದರಿಕೋತ ಕುಂದರ್ತಾನ್ರಿ ಅಂವ, ನಮ್ಮ ತಲ್ಯಾಗ."

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಕಪಾಟಿನಿಂದ ಎರಡನೆಯ ಭಾಗ ತೆಗೆದು ಬಗಲಲ್ಲಿ ಇಟ್ಟುಕೊಂಡರು. "ಪುಸ್ತಕಾ ನನ್ನ ಕೈಯಾಗ ಇರ್ತೈತಿ. ಹುಡುಗಿ ಮುಟ್ಟಬಾರ್ದು" ಎಂದು ಬಾಗಿಲಿಗೆ ಬೀಗ ಹಾಕಿ ನಮ್ಮ ಜೊತೆ ಹೊರಟೇಬಿಟ್ಟರು.

ಮೊದಲು ತಾವೇ ಓದಲು ಕುಳಿತರು. ಪಾಪ, ಎರಡು ಮಾತಿಗೊಂದು ಸೀನು. ಬಳೆಗಾರ ಬಾವಿಯಲ್ಲಿದ್ದಾನೋ, ಇವರ ಮೂಗಿನಲ್ಲಿದ್ದಾನೋ ತಿಳಿಯದಂತಾಯಿತು. ಹೆಂಗಸರು ಸೆರಗಿನೊಳಗೆ ನಕ್ಕರು. ಕೊನೆಗೆ ಅವರು ಪುಸ್ತಕ ಹಿಡಿದು ಹಾಳೆ ತಿರುಗಿಸುವುದು, ನಾನು ಕೈ ಕಟ್ಟಿಕೊಂಡು ಬಗಲಲ್ಲಿ ನಿಂತು ಓದುವುದು ಎಂದಾಯಿತು. ಅಪ್ಪ ಲೆಕ್ಕ ಬಿಟ್ಟು ಕುರ್ಚಿಯನ್ನು ಮೆಲ್ಲಗೆ ಹತ್ತಿರಕ್ಕೆ ಎಳೆದುಕೊಂಡರು. ಬಿಸಿಲು ಗೋಡೆ ಹತ್ತಿತು. ಬಳೆಗಾರ ಬಳೆಗಳನ್ನು ಒಂದೊಂದಾಗಿ ಕಲ್ಲಿಗೆ ಹೊಡೆದು ಸದ್ದು ಮಾಡುತ್ತಿದ್ದ. ಹುಡುಕಿ ಸೋತಿದ್ದ ಅವನ ಹೆಂಡತಿಗೆ ಕೊನೆಯ ಬಳೆಯ ಸದ್ದು ಕೇಳಿಸಿತು. ಅವಳು ಹಗ್ಗ ಇಳಿಬಿಟ್ಟಳು. ಅಂಗಳದಲ್ಲಿ ಒಬ್ಬರ ಕೈಯೂ ಆಡುತ್ತಿರಲಿಲ್ಲ. ಅವನು ಮೇಲೆ ಬಂದಾಗ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಅಷ್ಟೂ ಮಂದಿಯ ಜೊತೆ ನಾನೇ ಆ ಹಗ್ಗ ಎಳೆದಂತಿತ್ತು.

ದೊಡ್ಡವ್ವ ಎದ್ದು ಬಂದಳು. "ಅಂವ ಮ್ಯಾಲೆ ಬಂದದ್ದು ಎಲ್ಲೈತ್ರಿ ಇದರಾಗ?" ಎಂದು ಕೇಳಿದಳು. ಅವಳ ಬೆರಳುಗಳು ಕೆಂಪಗಿದ್ದವು. ಮುಟ್ಟಲು ಅಂಜಿ ಹಿಂದೆ ಸರಿಸಿಕೊಂಡಳು. ಮಾಸ್ತರರು ತಾವೇ ಆ ಬೆರಳು ಹಿಡಿದು ಸಾಲಿನ ಮೇಲೆ ಇಟ್ಟರು. "ಇಲ್ಲಿ ನೋಡವ್ವಾ" ಎಂದರು. ಅವಳು ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

ನಿಮ್ಮದು ಬೇರೆ ಕಾಲ ಬಿಡಿ, ಮೊಮ್ಮಕ್ಕಳೇ. ಟಿ.ವಿ.ಯಲ್ಲಿ ದಿನವಿಡೀ ಕಾರ್ಟೂನು, ನಿಮ್ಮಪ್ಪನ ಮೊಬೈಲಿನಲ್ಲಿ ಹಾವಿನ ಆಟ. ಪುಸ್ತಕಗಳಿಗೂ ಕೊರತೆಯಿಲ್ಲ, ನಿಮ್ಮ ಹೆಸರು ಬರೆದುಕೊಂಡ ಸ್ವಂತ ಪುಸ್ತಕಗಳು. ನೀವು ಓದುವುದನ್ನು ನೋಡಿದರೆ ನನಗೆ ಹೊಟ್ಟೆ ತುಂಬುತ್ತದೆ. ಆದರೆ ನೀವು ಬಾಯಿ ಮುಚ್ಚಿಕೊಂಡು ಓದುತ್ತೀರಿ. ನಿನ್ನೆ ಮೂಲೆಯಲ್ಲಿ ಕುಳಿತು ಒಬ್ಬಳೇ ಕಿಸಕ್ಕನೆ ನಕ್ಕೆಯಲ್ಲ ಪುಟ್ಟಿ, ಏನಿತ್ತು ಅಲ್ಲಿ? ನನ್ನ ಕಣ್ಣಿಗೆ ಸಣ್ಣ ಅಕ್ಷರ ಈಗ ಕಾಣುವುದಿಲ್ಲ. ತೆಗೆದುಕೊಂಡು ಬಾ ಆ ಪುಸ್ತಕ, ಇಲ್ಲಿ ಕುಳಿತು ಗಟ್ಟಿಯಾಗಿ ಓದು. ಒಂದು ಸಾಲೂ ಹಾರಿಸಬೇಡ.